ಗುಲಾಬಿ ಗುಂಡು, ಗೋಧಿ ಹಿಟ್ಟಿನ ಚೀಲ

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ನಾನು ಮೊದಲ ಸಲ ಒಂದು ಕೆಟಲ್‌ಬೆಲ್ ತಗೊಂಡೆ. ಗುಲಾಬಿ ಬಣ್ಣ, 5 ಪೌಂಡ್. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಕಪ್ಪು ಬಣ್ಣದ 18 ಮತ್ತು 26 ಪೌಂಡಿನ ಗುಂಡುಗಳಿದ್ದವು. ನಾನು ಅವುಗಳ ಹಿಡಿಕೆಯನ್ನೂ ಮುಟ್ಟಲಿಲ್ಲ. "ಹುಡುಗಿಯರಿಗೆ, ತೂಕ ಇಳಿಸೋಕೆ, ಇಷ್ಟು ಸಾಕು" ಅಂತ ಯಾರು ಹೇಳಿದ್ದರೋ ನೆನಪಿಲ್ಲ. ಯಾರೂ ಹೇಳಿರಲಿಲ್ಲ ಅನ್ಸುತ್ತೆ, ಎಲ್ಲರೂ ಹೇಳಿದ್ದರು ಅಂತಲೂ ಅನ್ಸುತ್ತೆ.

ಅದೇ ದಿನ ಸಂಜೆ ಇಂಡಿಯನ್ ಗ್ರಾಸರಿಗೆ ಹೋಗಿ 20 ಪೌಂಡಿನ ಗೋಧಿ ಹಿಟ್ಟಿನ ಚೀಲ ತಂದೆ. 523 ಬಸ್ಸಿನಿಂದ ಡಿ ಆಂಜಾ ಕಾಲೇಜಿನ ಹತ್ತಿರ ಇಳಿದು, ಚೀಲವನ್ನು ಮಗುವಿನ ಹಾಗೆ ಎದೆಗವಚಿಕೊಂಡು, ಕ್ಯುಪರ್ಟಿನೋದ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಅಡುಗೆಮನೆಯಲ್ಲಿ ಇಟ್ಟೆ. 20 ಪೌಂಡ್ ಅಂದ್ರೆ 9 ಕೆಜಿ. ಸೋಫಾದ ಮೇಲಿದ್ದ ಗುಲಾಬಿ ಗುಂಡು ಸುಮಾರು ಎರಡೂಕಾಲು ಕೆಜಿ. ನನ್ನ ಲ್ಯಾಪ್‌ಟಾಪ್ ಬ್ಯಾಗು ಅದಕ್ಕಿಂತ ಭಾರ. ವ್ಯಾಯಾಮ ಅಂತ ದುಡ್ಡು ಕೊಟ್ಟು ತಂದದ್ದು ನಾನು ದಿನಾ ಸುಮ್ಮನೆ ಹೊರೋದರಲ್ಲಿ ಎಲ್ಲಕ್ಕಿಂತ ಹಗುರವಾದ ವಸ್ತು!

ಪಕ್ಕದ ಮನೆಯ ಸೀನಿಯರ್ ಕಥೆ ಇದಕ್ಕೆ ಪೂರ್ತಿ ಉಲ್ಟಾ. ನನ್ನ ಗುಂಡು ನೋಡಿ ಬಿದ್ದು ಬಿದ್ದು ನಕ್ಕು, ತಾನು ಮಾತ್ರ ನೇರವಾಗಿ 53 ಪೌಂಡಿನದು, ಅಂದ್ರೆ 24 ಕೆಜಿಯದು ತರಿಸಿಕೊಂಡ. "ಅದಕ್ಕಿಂತ ಕಮ್ಮಿ ಎತ್ತಿದ್ರೆ ಏನ್ ಮರ್ಯಾದೆ ಕಣೇ" ಅಂತ ಡೈಲಾಗು ಬೇರೆ. ಮೂರನೇ ದಿನ ಸೊಂಟ ಹಿಡೀತು. ಎರಡು ವಾರ ಕ್ಲಾಸಿನಲ್ಲಿ ಹಿಂದಿನ ಗೋಡೆಗೆ ಒರಗಿ ನಿಂತೇ ಪಾಠ ಕೇಳಿದ. ಆ ಗುಂಡು ಈಗ ಅವರ ಬಾಲ್ಕನಿ ಬಾಗಿಲು ಗಾಳಿಗೆ ಬಡಿದುಕೊಳ್ಳದ ಹಾಗೆ ತಡೆಯೋ ಕೆಲಸ ಮಾಡ್ತಿದೆ.

ನಾವಿಬ್ಬರೂ ಮಾಡಿದ್ದು ಒಂದೇ ತಪ್ಪು ಅನ್ನೋದು ನನ್ನ ವಾದ. ಎಷ್ಟು ತೂಕ ಎತ್ತಬೇಕು ಅನ್ನೋದನ್ನ ನಮ್ಮ ಮೈಯನ್ನ ಕೇಳಿ ತೀರ್ಮಾನ ಮಾಡಲಿಲ್ಲ, ನೋಡೋರು ಏನಂತಾರೆ ಅಂತ ಯೋಚಿಸಿ ಮಾಡಿದೆವು. ನನಗೆ ಭಯ, ಅವನಿಗೆ ಜಂಭ. ಎರಡರಿಂದಲೂ ತೂಕ ಇಳಿಯಲ್ಲ.

ಮೊದಲು ಈ ಗುಂಡಿನ ಹುಟ್ಟು ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತೆ. ಕೆಟಲ್‌ಬೆಲ್ ರಷ್ಯಾದ್ದು, ಅಲ್ಲಿ ಅದಕ್ಕೆ ಗಿರ್ಯಾ ಅಂತಾರೆ. ಸಂತೆಯಲ್ಲಿ ಧಾನ್ಯ ತೂಗೋಕೆ ಬಳಸ್ತಿದ್ದ ಹಿಡಿಕೆ ಇರೋ ತೂಕದ ಗುಂಡು ಅದು. ನಮ್ಮ ವಿಜಯಪುರದ ಕಡೆ ಜೋಳ ತೂಗೋ ಕಲ್ಲು ಇದ್ದ ಹಾಗೆ. ಅವರ ಹಳೆಯ ಅಳತೆ ಪೂಡ್, ಅಂದ್ರೆ 16.38 ಕೆಜಿ. ಇವತ್ತಿಗೂ 16, 24, 32 ಅನ್ನೋ ಹಳೇ ಸರಣಿ ಬಂದಿರೋದು ಒಂದು, ಒಂದೂವರೆ, ಎರಡು ಪೂಡ್ ಲೆಕ್ಕದಿಂದ. ಅಮೆರಿಕದ ಅಂಗಡಿಗಳಲ್ಲಿ ಕಾಣೋ 35, 53, 70 ಪೌಂಡ್ ಅನ್ನೋ ವಿಚಿತ್ರ ಸಂಖ್ಯೆಗಳೂ ಅದೇ. ಸೋವಿಯತ್ ಒಕ್ಕೂಟದಲ್ಲಿ 1948ರಲ್ಲಿ ಇದರ ರಾಷ್ಟ್ರಮಟ್ಟದ ಸ್ಪರ್ಧೆ ನಡೀತು, ಅಮೆರಿಕದಲ್ಲಿ ಜನಪ್ರಿಯ ಆಗಿದ್ದು 2000ದ ನಂತರ. ಅಂದ್ರೆ "24 ಎತ್ತಿದರೇನೇ ಗಂಡಸು" ಅನ್ನೋ ಸಂಖ್ಯೆ ಯಾವ ವೈದ್ಯರೂ ಬರೆದುಕೊಟ್ಟಿದ್ದಲ್ಲ. ಅದು ಕಾಳು ತೂಗುವವನ ಲೆಕ್ಕ. ಕಾಳಿಗೆ ಸೊಂಟ ಇಲ್ಲ, ನಮಗಿದೆ.

ನಮ್ಮೂರಿಗೂ ಇಂಥದ್ದು ಹೊಸದಲ್ಲ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತೋದನ್ನ ನೋಡಿದವರಿಗೆ ಗೊತ್ತು. ನಮ್ಮಜ್ಜ ಪ್ರಾಯದಲ್ಲಿ ಎತ್ತುತ್ತಿದ್ದರಂತೆ. ಕಳೆದ ಬೇಸಿಗೆಯಲ್ಲಿ ವಿಡಿಯೋ ಕಾಲ್‌ನಲ್ಲಿ ನನ್ನ ಗುಂಡಿನ ಕಥೆ ಹೇಳಿದೆ. ಅಜ್ಜ ನಗಲಿಲ್ಲ. ಒಂದೇ ಮಾತು ಹೇಳಿದರು: "ಕಲ್ಲ ನಮ್ಮ ಮಾತ ಕೇಳಬೇಕವಾ, ನಾವು ಕಲ್ಲಿನ ಮಾತ ಕೇಳಬಾರದು. ಸಣ್ಣ ಕಲ್ಲ ಹೇಳಿದಂಗ ಕೇಳಾಕತ್ತಿತಂದ್ರ ಮುಂದಿನ ಕಲ್ಲಿಗಿ ಕೈ ಹಚ್ಚೂದು." ಹಿಂದಿನಿಂದ ಅಜ್ಜಿ ದನಿ: "ನಾ ದಿನಾ ಎರಡು ಕೊಡ ನೀರು ಹೊತ್ತೀನಿ, ನನಗ್ಯಾರೂ ಬಹುಮಾನ ಕೊಡ್ಲಿಲ್ಲ ನೋಡ." 15 ಲೀಟರಿನ ಕೊಡ ಅಂದ್ರೆ ನೀರೇ 15 ಕೆಜಿ. ಅಜ್ಜಿಯ ಮೊಮ್ಮಗಳು ಎರಡೂಕಾಲು ಕೆಜಿ ಹಿಡಿದು ಕನ್ನಡಿ ಮುಂದೆ ನಿಂತಿದ್ದಳು.

ಈಗ ಲೆಕ್ಕಕ್ಕೆ ಬರೋಣ. ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಆಗಲಿ.

ಕೆಟಲ್‌ಬೆಲ್ ಜಾಹೀರಾತುಗಳಲ್ಲಿ "ನಿಮಿಷಕ್ಕೆ 20 ಕ್ಯಾಲರಿ" ಅನ್ನೋ ಮಾತು ಕೇಳಿರ್ತೀರಿ. ಅದು ಸುಳ್ಳಲ್ಲ. ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಸ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಲಾ ಕ್ರಾಸ್ ಕ್ಯಾಂಪಸ್ಸಿನಲ್ಲಿ ಮಾಡಿಸಿದ, 2010ರಲ್ಲಿ ಪ್ರಕಟವಾದ ಅಧ್ಯಯನದ್ದು. ಆದರೆ ಅದರಲ್ಲಿ ಭಾಗವಹಿಸಿದ್ದವರು ಮೊದಲೇ ಪಳಗಿದವರು, ಮಾಡಿದ್ದು ಗುಂಡನ್ನು ಒಂದೇ ಏಟಿಗೆ ತಲೆಯ ಮೇಲಕ್ಕೆ ಒಯ್ಯೋ ಸ್ನ್ಯಾಚ್, ಅದೂ 20 ನಿಮಿಷ. ನಾವು ಹೊಸಬರು ಮಧ್ಯೆ ಮಧ್ಯೆ ಉಸಿರು ತಗೊಂಡು 20 ನಿಮಿಷ ಮಾಡಿದರೆ 200 ಕ್ಯಾಲರಿ ಅಂತ ಇಟ್ಕೊಳ್ಳೋಣ, ಅದೂ ಉದಾರವಾಗಿ. ವಾರಕ್ಕೆ ಮೂರು ದಿನ ಅಂದ್ರೆ 600. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲರಿ. ಊಟದಲ್ಲಿ ಏನೂ ಬದಲಾಯಿಸದೆ ಹೋದರೆ ಒಂದು ಕೆಜಿ ಇಳಿಯೋಕೆ 13 ವಾರ ಬೇಕು, ಅಂದ್ರೆ ಹತ್ತಿರ ಹತ್ತಿರ ಒಂದು ಸೆಮಿಸ್ಟರ್. ಆ ಮಧ್ಯೆ ಪ್ರಾಜೆಕ್ಟ್ ಸಬ್ಮಿಟ್ ಆದ ಖುಷಿಗೆ ವಾರಕ್ಕೆರಡು ದೊಡ್ಡ ಬೋಬಾ ಟೀ ಕುಡಿದರೆ ಆ 600 ಅಲ್ಲಿಗೇ ಚುಕ್ತಾ.

ಹಾಗಾದ್ರೆ ಈ ಕಬ್ಬಿಣ ಯಾಕೆ ಬೇಕು? ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತೆ. ಸ್ನಾಯುವಿಗೆ ಕೆಲಸ ಕೊಡ್ತಾ ಇದ್ದರೆ, ಸಾಕಷ್ಟು ಪ್ರೋಟೀನ್ ತಿಂದರೆ, ಅದು ಹೆಚ್ಚಿನ ಮಟ್ಟಿಗೆ ಉಳಿಯುತ್ತೆ. ಅಂದ್ರೆ ತೂಕ ಇಳಿಸೋದು ಅಡುಗೆಮನೆಯ ಕೆಲಸ. ಇಳಿಯೋ ತೂಕ ಕೊಬ್ಬಾಗಿರಬೇಕು, ಸ್ನಾಯು ಆಗಿರಬಾರದು ಅಂತ ಕಾಯೋದು ಕೆಟಲ್‌ಬೆಲ್ಲಿನ ಕೆಲಸ. ಎರಡೂಕಾಲು ಕೆಜಿ ಗುಂಡಿಗೆ ಆ ಕಾವಲು ಕಾಯೋ ಶಕ್ತಿ ಇಲ್ಲ. ಗೋಧಿ ಹಿಟ್ಟಿನ ಚೀಲ ಹೊರೋ ಕಾಲಿಗೆ ಅದು ಸುದ್ದಿಯೇ ಅಲ್ಲ.

ಸ್ನಾಯು ಯಾಕೆ ಅಷ್ಟು ಮುಖ್ಯ ಅನ್ನೋದಕ್ಕೆ ನಮ್ಮ ಮನೆಯದೇ ಒಂದು ಮಾತು ಹೇಳಬೇಕು. ನಮ್ಮ ಸೋದರಮಾವ 44ನೇ ವಯಸ್ಸಿಗೆ ಹೃದಯಾಘಾತದಿಂದ ಹೋದರು. ಮಾಮಾ ದಪ್ಪ ಇರಲಿಲ್ಲ. ತೆಳ್ಳಗೆ ಇದ್ದರು, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. "ಇಷ್ಟು ಸಣ್ಣ ಇದ್ದಾಂವಗ ಹ್ಯಾಂಗಾತು" ಅಂತ ಮಣ್ಣಿಗೆ ಬಂದವರೆಲ್ಲ ಕೇಳ್ತಿದ್ದರು. ಅಮ್ಮನಿಗೆ 47ಕ್ಕೇ ಶುಗರ್ ಬಂತು.

ಆ ಪ್ರಶ್ನೆಗೆ ಒಂದು ಉತ್ತರ ನನಗೆ ಸಿಕ್ಕಿದ್ದು ಇಲ್ಲಿಗೆ ಬಂದ ಮೇಲೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವಿಜ್ಞಾನಿಗಳ ಫೋಟೋ ಬಂದಿತ್ತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಮೈಯ ಕೊಬ್ಬಿನ ಪ್ರಮಾಣ ಮಾತ್ರ ಯುಡ್ಕಿನ್‌ಗೆ ಶೇಕಡಾ 9.1, ಯಾಜ್ಞಿಕ್‌ಗೆ ಶೇಕಡಾ 21.2. ತಕ್ಕಡಿಗೆ ಇಬ್ಬರೂ ಒಂದೇ, ಒಳಗಿನ ಲೆಕ್ಕ ಬೇರೆ. ನಮ್ಮ ಕಡೆಯವರಲ್ಲಿ ಅದೇ ತೂಕಕ್ಕೆ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ ಇರೋದು ಸಾಮಾನ್ಯ. ಅದಕ್ಕೇ ಅಮೆರಿಕನ್ ಡಯಾಬಿಟೀಸ್ ಅಸೋಸಿಯೇಷನ್ 2015ರಿಂದ ಏಷ್ಯಾ ಮೂಲದವರಿಗೆ 25ರ ಬದಲು 23ರ ಬಿಎಂಐನಿಂದಲೇ ಸಕ್ಕರೆ ಕಾಯಿಲೆಯ ತಪಾಸಣೆ ಯೋಚಿಸಿ ಅಂತ ಹೇಳ್ತಿದೆ. ನಮ್ಮ ಪಕ್ಕದ ಮೌಂಟನ್ ವ್ಯೂನ ಎಲ್ ಕ್ಯಾಮಿನೋ ಆಸ್ಪತ್ರೆಯಲ್ಲಿ ದಕ್ಷಿಣ ಏಷ್ಯಾದವರಿಗಾಗಿಯೇ ಒಂದು ಹೃದಯ ಕೇಂದ್ರ ಇದೆ. ಇಷ್ಟು ಸಾಫ್ಟ್‌ವೇರ್ ಕಂಪನಿಗಳಿರೋ ಊರುಗಳ ಮಧ್ಯೆ ಅಂಥದ್ದೊಂದು ಯಾಕೆ ಬೇಕಾಯ್ತು ಅಂತ ಒಂದು ನಿಮಿಷ ಯೋಚನೆ ಮಾಡಿ.

ಹಾಗಾಗಿ "ನಾನು ದಪ್ಪ ಇಲ್ಲ, ನನಗ್ಯಾಕೆ" ಅನ್ನೋರಿಗೂ ಈ ಲೇಖನ ಸೇರುತ್ತೆ. ಅತ್ತೆಯೋ ದೊಡ್ಡಮ್ಮನೋ ಫೋನಿನಲ್ಲಿ "ಮದುವೆಗೆ ಮುಂಚೆ ಸ್ವಲ್ಪ ಸಣ್ಣ ಆಗವಾ" ಅಂದದ್ದಕ್ಕೆ ಒಂದು ಹೊತ್ತಿನ ಊಟ ಬಿಟ್ಟು, ಗುಲಾಬಿ ಗುಂಡು ಹಿಡಿದು, ಸ್ನಾಯು ಕರಗಿಸಿಕೊಳ್ತಿರೋ ನನ್ನಂಥವರಿಗಂತೂ ಸೇರಲೇಬೇಕು.

ಇನ್ನು ನಿಜವಾದ ಪ್ರಶ್ನೆ: ಎಷ್ಟು ಕೆಜಿಯದು ತಗೋಬೇಕು?

ಸ್ವಿಂಗ್ ಅನ್ನೋದು ಕೆಟಲ್‌ಬೆಲ್ಲಿನ ಮುಖ್ಯ ವ್ಯಾಯಾಮ. ಎರಡು ಕೈಯಲ್ಲಿ ಗುಂಡು ಹಿಡಿದು ಕಾಲುಗಳ ನಡುವೆ ಹಿಂದಕ್ಕೆ ತೂಗಿ, ಸೊಂಟವನ್ನ ಜೋರಾಗಿ ಮುಂದಕ್ಕೆ ತಳ್ಳಿ, ಗುಂಡು ಎದೆಯ ಮಟ್ಟಕ್ಕೆ ತಾನೇ ತೇಲಿ ಬರೋ ಹಾಗೆ ಮಾಡೋದು. ಇದು ಲೋಲಕ. ಕೈ ಬರೀ ಹಗ್ಗ, ಇಂಜಿನ್ ಇರೋದು ಸೊಂಟ ಮತ್ತು ತೊಡೆಯಲ್ಲಿ. ಗುಂಡು ತೀರಾ ಹಗುರ ಇದ್ದರೆ ಆ ಇಂಜಿನ್ ಶುರುವೇ ಆಗಲ್ಲ, ಭುಜದಿಂದಲೇ ಎತ್ತಿಬಿಡ್ತೀವಿ. ನಾನು ಒಂದು ತಿಂಗಳು ಮಾಡಿದ್ದು ಅದನ್ನೇ. ತೀರಾ ಭಾರ ಇದ್ದರೆ ಇನ್ನೊಂದು ಸಮಸ್ಯೆ. ಲೋಲಕ ಕೆಳಗೆ ಬಂದು ದಿಕ್ಕು ಬದಲಿಸೋ ಕ್ಷಣದಲ್ಲಿ ನಮ್ಮನ್ನ ಎಳೆಯೋ ಬಲ ಗುಂಡಿನ ತೂಕಕ್ಕಿಂತ ಹೆಚ್ಚು. ನೆಲದಿಂದ ಸುಮ್ಮನೆ ಎತ್ತೋಕೆ ಆಗೋ 24 ಕೆಜಿ ಸ್ವಿಂಗಿನಲ್ಲಿ ಬೇರೆಯೇ ಪ್ರಾಣಿ. ಆಗ ಬೆನ್ನು ಬಿಲ್ಲಿನ ಹಾಗೆ ಬಾಗುತ್ತೆ. ಸೀನಿಯರ್‌ಗೆ ಆಗಿದ್ದು ಇದೇ.

ಸಾಮಾನ್ಯವಾಗಿ ತರಬೇತುದಾರರು ಹೇಳೋ ಆರಂಭದ ತೂಕ ಹೀಗಿದೆ. ಸ್ವಿಂಗಿಗೆ ಹೆಣ್ಣುಮಕ್ಕಳಿಗೆ 8ರಿಂದ 12 ಕೆಜಿ, ಅಂದ್ರೆ 18ರಿಂದ 26 ಪೌಂಡ್. ಗಂಡುಮಕ್ಕಳಿಗೆ 16 ಕೆಜಿ, ಅಂದ್ರೆ 35 ಪೌಂಡ್. ಯಾವತ್ತೂ ವ್ಯಾಯಾಮ ಮಾಡದ ಹುಡುಗ 12 ಕೆಜಿಯಿಂದ ಶುರು ಮಾಡಿದರೆ ಆಕಾಶ ಬೀಳಲ್ಲ. ಗುಂಡನ್ನ ಎದೆಗವಚಿಕೊಂಡು ಬಸ್ಕಿ ಹೊಡೆಯೋ ಗಾಬ್ಲೆಟ್ ಸ್ಕ್ವಾಟ್‌ಗೂ ಇದೇ ತೂಕ ನಡೆಯುತ್ತೆ. ಒಂದೇ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತೋದಕ್ಕೆ ಮಾತ್ರ ಇನ್ನೂ ಹಗುರವಾದದ್ದು ಬೇಕು, ಯಾಕಂದ್ರೆ ಅಲ್ಲಿ ಸೊಂಟದ ಸಹಾಯ ಇಲ್ಲ. ಸ್ಟೂಡೆಂಟ್ ಬಜೆಟ್‌ಗೆ ಎರಡೆರಡು ಗುಂಡು ಕಷ್ಟ. ಒಂದೇ ತಗೊಳ್ಳೋದಾದರೆ ಸ್ವಿಂಗಿಗೆ ಸರಿಹೋಗೋದನ್ನ ತಗೊಳ್ಳಿ, ಭುಜಕ್ಕೆ ದಂಡ ಹೊಡೀರಿ, ಅದಕ್ಕೆ ದುಡ್ಡು ಬೇಕಿಲ್ಲ.

ಆದರೆ ಪಟ್ಟಿ ನೋಡಿ ತಗೋಬೇಡಿ, ಪರೀಕ್ಷೆ ಮಾಡಿ ತಗೊಳ್ಳಿ. ನಮ್ಮಲ್ಲಿ ಬಹಳ ಜನಕ್ಕೆ ಕ್ಯಾಂಪಸ್ ಜಿಮ್ಮಿನ ದುಡ್ಡು ಫೀಸಿನಲ್ಲೇ ಹೋಗಿರುತ್ತೆ. ಅಲ್ಲಿ ಎಲ್ಲ ತೂಕದ ಗುಂಡುಗಳು ಸಾಲಾಗಿ ಕೂತಿರ್ತವೆ. ಕೊಳ್ಳೋಕೆ ಮುಂಚೆ ಎರಡು ವಾರ ಅಲ್ಲಿ ಕಳೀರಿ.

ಮೊದಲು ಬರಿಗೈಯಲ್ಲಿ ಬಾಗೋದನ್ನ ಕಲೀಬೇಕು. ಎರಡೂ ಕೈಯಲ್ಲಿ ಸಾಮಾನಿದ್ದಾಗ ಕಾರಿನ ಬಾಗಿಲನ್ನ ಹಿಂಭಾಗದಿಂದ ತಳ್ಳಿ ಮುಚ್ಚುತ್ತೀವಲ್ಲ, ಅದೇ ಚಲನೆ. ಒಂದು ಪೊರಕೆ ಕೋಲನ್ನ ಬೆನ್ನಿಗೆ ಉದ್ದಕ್ಕೆ ಹಿಡಿದು ಬಾಗಿ. ತಲೆ, ಬೆನ್ನಿನ ಮೇಲ್ಭಾಗ, ಸೊಂಟದ ಕೆಳಗಿನ ಮೂಳೆ, ಮೂರೂ ಕಡೆ ಕೋಲು ತಾಗಿಕೊಂಡೇ ಇರಬೇಕು. ಎಲ್ಲಾದರೂ ಬಿಟ್ಟರೆ ಕಬ್ಬಿಣ ಮುಟ್ಟೋ ಕಾಲ ಇನ್ನೂ ಬಂದಿಲ್ಲ. ಆಮೇಲೆ ಗುಂಡನ್ನ ನೆಲದಿಂದ ನಿಧಾನವಾಗಿ ಹತ್ತು ಸಲ ಎತ್ತಿ ಇಳಿಸಿ. ಅದು ಸಲೀಸಾದ ಮೇಲೆ ಹತ್ತು ಸ್ವಿಂಗ್. ಹತ್ತನೆಯದು ಮೊದಲನೆಯದರ ಹಾಗೇ ಇತ್ತಾ ಅಂತ ಫ್ರೆಂಡ್ ಕೈಲಿ ಪಕ್ಕದಿಂದ ವಿಡಿಯೋ ಮಾಡಿಸಿ ನೋಡಿ. ಏಳನೆಯದಕ್ಕೇ ಬೆನ್ನು ಬಾಗಿದ್ದರೆ ಭಾರ ಜಾಸ್ತಿ. ಇಪ್ಪತ್ತು ಆದ ಮೇಲೂ ಸೆಮಿಸ್ಟರ್ ಪ್ಲಾನ್ ಬಗ್ಗೆ ಆರಾಮಾಗಿ ಮಾತಾಡ್ತಾ ಇದ್ದರೆ ಹಗುರ. ಮಾರನೇ ದಿನ ತೊಡೆಯ ಹಿಂಭಾಗ ನೋಯ್ತಾ ಇದ್ದರೆ ಸರಿ, ಸೊಂಟ ನೋಯ್ತಾ ಇದ್ದರೆ ತಪ್ಪು. ಅಜ್ಜನ ಮಾತಿನ ಅರ್ಥ ಇಷ್ಟೇ: ಕಲ್ಲು ನಮ್ಮ ಮಾತು ಕೇಳ್ತಾ ಇದೆಯಾ? ಮೊದಲಿಂದಲೇ ಬೆನ್ನುನೋವು, ಬಿಪಿ, ಹೃದಯದ ತೊಂದರೆ ಇರೋರು ಕ್ಯಾಂಪಸ್ ಹೆಲ್ತ್ ಸೆಂಟರಿನಲ್ಲಿ ಒಂದು ಮಾತು ಕೇಳಿಯೇ ಶುರು ಮಾಡಿ.

ಮುಂದಿನ ತೂಕಕ್ಕೆ ಹೋಗೋವಾಗಲೂ ಸ್ವಲ್ಪ ಗಣಿತ ಬೇಕು. 8ರಿಂದ 12ಕ್ಕೆ ಹೋದರೆ ಬರೀ 4 ಕೆಜಿ ಅನ್ಸುತ್ತೆ, ಆದರೆ ಅದು ಶೇಕಡಾ 50 ಏರಿಕೆ. 12ರಿಂದ 16ಕ್ಕೆ ಶೇಕಡಾ 33. 16ರಿಂದ 20ಕ್ಕೆ 25. ಹಳೇ ಪೂಡ್ ಲೆಕ್ಕದಲ್ಲಿ 16ರಿಂದ ನೇರ 24ಕ್ಕೆ ಹಾರಿದರೆ ಮತ್ತೆ ಶೇಕಡಾ 50. ಯಾವ ಪ್ರೊಫೆಸರ್ ಆದರೂ ಒಂದೇ ವಾರದಲ್ಲಿ ಹೋಂವರ್ಕ್ ಒಂದೂವರೆ ಪಟ್ಟು ಮಾಡಿದರೆ ನಾವು ಸುಮ್ಮನಿರ್ತೀವಾ? ಮೊದಲು ಸುತ್ತು ಹೆಚ್ಚಿಸಿ, ಆಮೇಲೆ ಭಾರ. ನಿಮಿಷಕ್ಕೆ ಹತ್ತು ಸ್ವಿಂಗ್, ಉಳಿದ ಸಮಯ ವಿಶ್ರಾಂತಿ, ಹೀಗೆ ಹತ್ತು ನಿಮಿಷ ಪೂರ್ತಿ ಒಂದೇ ಥರ ಮಾಡೋಕೆ ಬಂದರೆ ಮುಂದಿನ ಗುಂಡು ನಿಮ್ಮದು.

"ಭಾರ ಎತ್ತಿದರೆ ಗಂಡಸರ ಥರ ಆಗ್ತೀವಿ" ಅನ್ನೋ ಭಯ ನನ್ನ ರೂಮ್‌ಮೇಟ್‌ಗಳಿಗೂ ಇತ್ತು. ಅಂಥ ಮೈ ಬೆಳೆಸೋಕೆ ವರ್ಷಗಟ್ಟಲೆ ಅದೊಂದೇ ಕೆಲಸ ಮಾಡಬೇಕು, ಹೊಟ್ಟೆ ತುಂಬ ತಿನ್ನಬೇಕು, ಅದರ ಮೇಲೆ ಹಾರ್ಮೋನೂ ಬೇಕು. ವಾರಕ್ಕೆ ಒಂದು ಗಂಟೆ 12 ಕೆಜಿ ತೂಗಿದ್ದಕ್ಕೆ ಯಾರೂ ಪೈಲ್ವಾನ್ ಆಗಿಲ್ಲ. ಇನ್ನೊಂದು ಆಕ್ಷೇಪ "ನಡೆದರೆ ಸಾಲದಾ?" ಅಂತ. ನಡೀರಿ, ರಾಂಚೋ ಸ್ಯಾನ್ ಆಂಟೋನಿಯೋ ಬೆಟ್ಟ ಇಷ್ಟು ಹತ್ತಿರ ಇರೋವಾಗ ನಡೆಯದೇ ಇರೋದು ಪಾಪ. ಆದರೆ ಅಮೆರಿಕ ಸರ್ಕಾರದ 2018ರ ಮಾರ್ಗಸೂಚಿಯೂ ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮದ ಜೊತೆಗೆ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಬೇಕು ಅನ್ನುತ್ತೆ. ಒಂದರ ಬದಲಿಗೆ ಇನ್ನೊಂದಲ್ಲ. ಲ್ಯಾಪ್‌ಟಾಪ್ ಮುಂದೆ ಕುಗ್ಗಿ ಕೂರೋ ನಮಗೆ ಇನ್ನೊಂದು ಲಾಭವೂ ಇದೆ. 2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ ವಾರಕ್ಕೆ ಮೂರು ದಿನ, 20 ನಿಮಿಷದಂತೆ 8 ವಾರ ಕೆಟಲ್‌ಬೆಲ್ ಮಾಡಿದವರ ಕುತ್ತಿಗೆ, ಭುಜ, ಸೊಂಟದ ನೋವು ಕಡಿಮೆಯಾಗಿತ್ತು. ಏದುಸಿರು ತಡೆಯೋ ಶಕ್ತಿ ಮಾತ್ರ ಅದರಲ್ಲಿ ಹೆಚ್ಚಲಿಲ್ಲ. ಅದಕ್ಕೇ ಹೇಳಿದ್ದು, ನಡಿಗೆ ಬಿಡಬೇಡಿ.

ನನ್ನ ಲೆಕ್ಕವನ್ನೂ ಒಪ್ಪಿಸಿಬಿಡ್ತೀನಿ. ಗುಲಾಬಿ ಗುಂಡನ್ನ ಮೂವ್ ಔಟ್ ಆಗ್ತಿದ್ದವರ ಹತ್ತಿರ ಸಿಕ್ಕಿದ 18 ಪೌಂಡಿನ ಹಳೇ ಗುಂಡಿಗೆ ಬದಲಾಯಿಸಿಕೊಂಡೆ. ಒಂದೂವರೆ ತಿಂಗಳ ನಂತರ 26 ಪೌಂಡಿನದು. ಕೆಳಗಿನ ಮನೆಯವರು ಸದ್ದಿಗೆ ಬೈದ ಮೇಲೆ ಮೆಮೋರಿಯಲ್ ಪಾರ್ಕಿನ ಹುಲ್ಲಿನ ಮೇಲೆ ಮಾಡೋಕೆ ಶುರು ಮಾಡಿದೆ. ರಾತ್ರಿ ಅನ್ನ ಅರ್ಧ ಮಾಡಿ ಹೆಸರುಕಾಳು, ಮೊಸರು ಜಾಸ್ತಿ ಮಾಡಿದೆ. ಐದು ತಿಂಗಳಲ್ಲಿ ತಕ್ಕಡಿ ತೋರಿಸಿದ ವ್ಯತ್ಯಾಸ ಎರಡೂವರೆ ಕೆಜಿ. ಬಟ್ಟೆ ಹೊಲಿಯೋ ಟೇಪು ತೋರಿಸಿದ್ದು ಸೊಂಟದಲ್ಲಿ ಎರಡು ಇಂಚು. ಅತ್ತೆಗೆ ಇನ್ನೂ ಸಮಾಧಾನ ಇಲ್ಲ. ನನಗಿದೆ, ಯಾಕಂದ್ರೆ ಈಗ ಹಿಟ್ಟಿನ ಚೀಲ ಹೊತ್ತು ಮೆಟ್ಟಿಲು ಹತ್ತೋವಾಗ ಮಧ್ಯೆ ನಿಲ್ಲಲ್ಲ.

ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಮ್ಮ ನೆಲದಿಂದ ಏಳೋಕೆ ಎರಡೂ ಮೊಣಕಾಲಿಗೆ ಕೈ ಊರೋದನ್ನ ನೋಡಿದೆ. ಡಾಕ್ಟರನ್ನ ಕೇಳಿ, ಮೊದಲು ಬರೀ ಕುರ್ಚಿಯಿಂದ ಎದ್ದು ಕೂರಿಸಿದೆ. ವಾರದ ನಂತರ ಎದೆಗೆ ಎರಡು ಕೆಜಿ ಬೇಳೆ ಪೊಟ್ಟಣ ಕೊಟ್ಟೆ. ಅಮ್ಮನಿಗೆ ಅದು ಸರಿಯಾದ ತೂಕ. ನಾನು ಸೆಪ್ಟೆಂಬರ್‌ನಲ್ಲಿ ತಗೊಂಡಿದ್ದ ಗುಂಡೂ ಹೆಚ್ಚುಕಡಿಮೆ ಅಷ್ಟೇ ಇತ್ತು. ತೂಕದಲ್ಲಿ ತಪ್ಪಿರಲಿಲ್ಲ, ಅದನ್ನ ನನಗೆ ಅಂತ ಆರಿಸಿದ್ದರಲ್ಲಿ ತಪ್ಪಿತ್ತು. ಈಗ ಅಮ್ಮ ವಾಟ್ಸಾಪಿನಲ್ಲಿ ಕಳಿಸೋ ವಿಡಿಯೋದಲ್ಲಿ ಪೊಟ್ಟಣ ಮೂರು ಕೆಜಿ ಆಗಿದೆ. ಹಿಂದೆ ಅಜ್ಜ ಕೂತು ಎಣಿಸ್ತಾ ಇರ್ತಾರೆ.

ನಮ್ಮ ಸಂಘದ ಗೆಳೆಯರಲ್ಲಿ ಒಂದು ವಿನಂತಿ. ಮುಂದಿನ ಸಲ ಯುಗಾದಿ ಊಟಕ್ಕೆ ಸೇರಿದಾಗ "ಎಷ್ಟು ಕೆಜಿ ಇಳಿಸಿದೆ?" ಅಂತ ಕೇಳೋ ಬದಲು "ಎಷ್ಟು ಕೆಜಿ ಎತ್ತುತ್ತೀಯ?" ಅಂತ ಕೇಳಿ. ಉತ್ತರ 8 ಅಂದರೂ ನಗಬೇಡಿ, 24 ಅಂದರೂ ಬೆರಗಾಗಬೇಡಿ. ಹತ್ತನೆಯದೂ ಮೊದಲನೆಯದರ ಹಾಗೇ ಇತ್ತಾ ಅಂತ ಕೇಳಿ, ಸಾಕು. ಅಂದ ಹಾಗೆ ನನ್ನ 18 ಪೌಂಡಿನ ಗುಂಡು ಈಗ ಸುಮ್ಮನೆ ಕೂತಿದೆ. ಶುರು ಮಾಡೋರು ಯಾರಾದರೂ ಇದ್ದರೆ ಬಂದು ತಗೊಂಡು ಹೋಗಿ. ದುಡ್ಡು ಬೇಡ, ಒಂದು ಲೋಟ ಫಿಲ್ಟರ್ ಕಾಫಿ ಸಾಕು, ಸಕ್ಕರೆ ಕಮ್ಮಿ ಇರಲಿ.